ಹಳ್ಳದ ದಂಡೆಯಲ್ಲಿ ಟೆಂಟ್ ಹಾಕಬಹುದೇ?

ಪ್ರಶ್ನೆ: ದಸರಾ ರಜೆಯಲ್ಲಿ ನಾನು, ಅಣ್ಣ, ಅತ್ತಿಗೆ ಸೋಮವಾರಪೇಟೆ ಕಡೆಯ ಬೆಟ್ಟವೊಂದಕ್ಕೆ ಹೊರಟಿದ್ದೇವೆ. ಹಳ್ಳದ ಗುಂಟ ನಾಲ್ಕೈದು ಕಿಲೋಮೀಟರ್ ದಾರಿ. ರಾತ್ರಿ ನೀರಿನ ಸದ್ದು ಕೇಳುತ್ತ ದಂಡೆಯ ಮರಳಿನ ಮೇಲೆಯೇ ಟೆಂಟ್ ಹಾಕುವ ಆಸೆ. ಆ ನೀರನ್ನೇ ಕುಡಿಯಬಹುದೇ?
- ಓದುಗರೊಬ್ಬರು, ಮಂಡ್ಯ

ಉತ್ತರ: ಖಂಡಿತ ಹೋಗಿ ಬನ್ನಿ ತಂಗಿ, ಆದರೆ ಆ ಮರಳಿನ ಮೇಲೆ ಮಾತ್ರ ಮಲಗಬೇಡಿ. ಅಲ್ಲಿಗೆ ಮರಳನ್ನು ತಂದು ಹರಡಿದ್ದು ಹಳ್ಳವೇ. ನೀರು ಎಲ್ಲಿಯವರೆಗೆ ಏರುತ್ತದೆ ಎಂದು ತಿಳಿಯಲು ದಂಡೆಯ ಪೊದೆಗಳನ್ನು ನೋಡಿ. ಒಣಗಿದ ಕಸಕಡ್ಡಿ, ನಾರು ಕೊಂಬೆಗಳಿಗೆ ಸಿಕ್ಕಿಕೊಂಡಿರುತ್ತದೆ. ಎಷ್ಟೋ ಕಡೆ ಅದು ನಿಮ್ಮ ತಲೆಗಿಂತ ಮೇಲಿರುತ್ತದೆ.

ನೀವು ಹೊರಟಿರುವುದು ಹಸ್ತ, ಚಿತ್ತಾ ಮಳೆಗಳ ಕಾಲ. ಬೆಳಿಗ್ಗೆ ತಿಳಿಯಾಗಿದ್ದ ಆಕಾಶ ಮಧ್ಯಾಹ್ನದ ಮೇಲೆ ಗುಡುಗತೊಡಗುತ್ತದೆ. ಮೇಲಿನ ಬೆಟ್ಟದಲ್ಲಿ ಸುರಿದ ಮಳೆ ನಿಮ್ಮ ತಲೆಯ ಮೇಲೆ ಒಂದು ಹನಿಯೂ ಬೀಳದಿದ್ದಾಗಲೇ ಹಳ್ಳದಲ್ಲಿ ಇಳಿದು ಬರಬಹುದು. ಕನ್ನಂಬಾಡಿಯಿಂದ ಹೆಚ್ಚು ನೀರು ಬಿಡುವಾಗ ನದಿ ದಂಡೆಯವರಿಗೆ ಎಚ್ಚರಿಕೆ ಕೊಡುತ್ತಾರೆ, ಮಂಡ್ಯದವರಾದ ನಿಮಗೆ ಅದು ಗೊತ್ತು. ಬೆಟ್ಟದ ಹಳ್ಳಕ್ಕೆ ಅಂಥ ವ್ಯವಸ್ಥೆಯಿಲ್ಲ. ತಿಳಿನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಎಲೆ ಕಡ್ಡಿ ತೇಲಿ ಬರತೊಡಗಿದರೆ, ಸಾಮಾನಿನ ಆಸೆ ಬಿಟ್ಟು ಮೇಲಕ್ಕೆ ಹತ್ತಿ. ದಾಟಬೇಕಾದ ಹಳ್ಳ ತುಂಬಿದ್ದರೆ ಇಳಿಯುವವರೆಗೆ ಈಚೆ ದಡದಲ್ಲೇ ಕಾಯಿರಿ, ಮರುದಿನದ ಬಸ್ ತಪ್ಪಿದರೂ ಚಿಂತೆಯಿಲ್ಲ.

ನೀರಿನಿಂದ 60 ಮೀಟರಾದರೂ ದೂರದಲ್ಲಿ, ಏರಿನ ಮೇಲೆ ಸಮತಟ್ಟಾದ ಜಾಗ ಹುಡುಕಿ. ಸದ್ದು ಅಲ್ಲಿಗೂ ಕೇಳುತ್ತದೆ. ತಲೆಯ ಮೇಲೆ ಒಣಕೊಂಬೆ ಇರಬಾರದು, ಪ್ರಾಣಿಗಳು ನೀರಿಗೆ ಇಳಿಯುವ ಜಾಡೂ ಆಗಿರಬಾರದು. ಕೊಡಗಿನಲ್ಲಿ ಆನೆಗಳು ಕಾಫಿ ತೋಟಕ್ಕೇ ಬರುತ್ತವೆ. ಹಸಿ ಲದ್ದಿ ಕಂಡರೆ ಆ ರಾತ್ರಿಯ ಆಲೋಚನೆಯನ್ನೇ ಕೈಬಿಡಿ. ಬಾಳೆಹಣ್ಣು, ಬೆಲ್ಲವನ್ನು ಟೆಂಟಿನೊಳಗೆ ಇಟ್ಟುಕೊಳ್ಳಬೇಡಿ.

ನೀರನ್ನು ಹಾಗೆಯೇ ಕುಡಿಯಬೇಡಿ. ಎಷ್ಟೇ ತಿಳಿಯಾಗಿದ್ದರೂ ಮೇಲೆ ದನ ಮೇಯುತ್ತಿರಬಹುದು, ಯಾವುದೋ ಪ್ರಾಣಿ ಸತ್ತು ಬಿದ್ದಿರಬಹುದು. ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ. 2000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ ಬೇಕು; ನಮ್ಮ ರಾಜ್ಯದಲ್ಲೇ ಎತ್ತರವಾದ ಮುಳ್ಳಯ್ಯನಗಿರಿಯೂ ಅಷ್ಟಿಲ್ಲವಾದ್ದರಿಂದ ನಿಮಗೆ ಒಂದೇ ನಿಮಿಷ ಸಾಕು. ಕ್ಲೋರಿನ್ ಮಾತ್ರೆಗೆ ಜಗ್ಗದ ಸೂಕ್ಷ್ಮಜೀವಿಗಳಿವೆ, ಕುದಿಗೆ ಅವೂ ಸಾಯುತ್ತವೆ. ಪಾತ್ರೆ ತೊಳೆಯಲು, ಸೋಪು ಹಚ್ಚಲು ಹಳ್ಳಕ್ಕೆ ಇಳಿಯಬೇಡಿ, ನೀರನ್ನು ದೂರ ಹೊತ್ತು ತನ್ನಿ. ಶೌಚಕ್ಕೂ ಅದೇ 60 ಮೀಟರ್ ದೂರ, ಗೇಣು ಆಳದ ಗುಂಡಿ ತೋಡಿ ಮುಚ್ಚಬೇಕು. ಕೆಳಗಿನ ಊರಿನವರು ಅದೇ ನೀರನ್ನು ಕುಡಿಯುತ್ತಾರೆ. ಈ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಇಂಬಳಗಳು ಕಾಲಿಗೆ ಹತ್ತಿಯೇ ಹತ್ತುತ್ತವೆ. ಉಪ್ಪಿನ ಗಂಟು ಜೊತೆಗಿರಲಿ, ಹೆದರಬೇಕಾಗಿಲ್ಲ. ಒದ್ದೆಯಾದರೆ ಒಣಗದ ಜೀನ್ಸ್ ಮನೆಯಲ್ಲೇ ಇರಲಿ. ಹೊರಡುವ ಹಿಂದಿನ ಭಾನುವಾರ ಮೈಸೂರಿಗೆ ಬಂದು, ಅದೇ ಚೀಲ ಹೊತ್ತು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ನೋಡಿ. ಯಾವುದನ್ನು ಬಿಟ್ಟು ಹೋಗಬಹುದೆಂದು ಅರ್ಧ ದಾರಿಯಲ್ಲೇ ತಿಳಿಯುತ್ತದೆ.

ಜಾಗ ಯಾರದೆಂದು ನೀವು ಬರೆದಿಲ್ಲ. ಖಾಸಗಿ ತೋಟವಾದರೆ ಮಾಲೀಕರನ್ನು ಕೇಳಿ. ಆ ಕಡೆ ಪುಷ್ಪಗಿರಿ ಅಭಯಾರಣ್ಯವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಅದರೊಳಗೆ ಹೋಗುವಂತಿಲ್ಲ, ಬೆಂಕಿ ಹಾಕುವುದಂತೂ ಅಪರಾಧ. ಅರಣ್ಯ ಇಲಾಖೆಯವರು ರಾತ್ರಿ ತಂಗಬೇಡಿ ಎಂದರೆ ಹಗಲು ನಡೆದು ಸಂಜೆಯೊಳಗೆ ಇಳಿದು, ಊರಿನ ಹೋಮ್‌ಸ್ಟೇ ಅಂಗಳದಲ್ಲಿ ಕೇಳಿಕೊಂಡು ಟೆಂಟ್ ಹಾಕಿ. ಅನುಮತಿ ಸಿಕ್ಕರೂ ಸ್ಥಳೀಯರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಎಷ್ಟು ಹೊತ್ತಿಗೆ ಇಳಿಯುತ್ತೀರಿ, ಇಳಿಯದಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂದು ಮನೆಯಲ್ಲಿ ಬರೆದಿಟ್ಟು ಹೊರಡಿ.