ಲ್ಯಾಪ್‌ಟಾಪಿನಲ್ಲಿ ಸರಿ, ಬೇರೆ ಯಂತ್ರದಲ್ಲಿ ತಪ್ಪು

ಪ್ರಶ್ನೆ: ಫೈಲಿನ ಹೆಡರನ್ನು ಓದುವ ನನ್ನ ಸಿ ಪ್ರೋಗ್ರಾಮಿನ ಟೆಸ್ಟ್‌ಗಳೆಲ್ಲ ಎಕ್ಸ್86-64 ಲ್ಯಾಪ್‌ಟಾಪಿನಲ್ಲಿ ಪಾಸಾಗುತ್ತವೆ. ಐಬಿಎಂನ ಎಸ್390ಎಕ್ಸ್ ಯಂತ್ರದಲ್ಲಿ ಮಾತ್ರ ಆವೃತ್ತಿ ಸಂಖ್ಯೆ 1 ಬರಬೇಕಾದಲ್ಲಿ 16777216 ಬರುತ್ತದೆ. ಇದು ಕಂಪೈಲರಿನ ದೋಷವೇ?

ಉತ್ತರ: ಕಂಪೈಲರನ್ನು ದೂರುವ ಮುನ್ನ ಆ ಸಂಖ್ಯೆಯನ್ನು ಹೆಕ್ಸಾಡೆಸಿಮಲ್ ರೂಪದಲ್ಲಿ ಬರೆದು ನೋಡಿ: 01 00 00 00. ನಿಮ್ಮ ಲ್ಯಾಪ್‌ಟಾಪ್ ಲಿಟಲ್ ಎಂಡಿಯನ್ ಆದ್ದರಿಂದ ಅತಿ ಕಡಿಮೆ ಬೆಲೆಯ ಬೈಟನ್ನು ಮೊದಲು ಇಡುತ್ತದೆ. ಎಸ್390ಎಕ್ಸ್ ಬಿಗ್ ಎಂಡಿಯನ್, ಅಂದರೆ ಅತಿ ಹೆಚ್ಚು ಬೆಲೆಯ ಬೈಟನ್ನು ಮೊದಲು ಇಡುವಂಥದ್ದು, ಆದ್ದರಿಂದ ಅದೇ ನಾಲ್ಕು ಬೈಟ್‌ಗಳನ್ನು 2ರ 24ನೆಯ ಘಾತವೆಂದು ಓದುತ್ತದೆ. 1ರ ಬದಲು 256 ಕಂಡರೆ ಅದು 16 ಬಿಟ್‌ಗಳಲ್ಲಿ ಆದ ಇದೇ ತಪ್ಪು.

ಫೈಲಿನ ಬೈಟ್‌ಗಳನ್ನು ನೇರವಾಗಿ ಸ್ಟ್ರಕ್ಟಿಗೆ ನಕಲು ಮಾಡುವುದನ್ನು ಬಿಟ್ಟು, ಒಂದೊಂದೇ ಬೈಟನ್ನು ಚಿಹ್ನೆಯಿಲ್ಲದ 32 ಬಿಟ್ ಸಂಖ್ಯೆಯಾಗಿಸಿ, ಕ್ರಮವಾಗಿ 0, 8, 16, 24 ಸ್ಥಾನ ಎಡಕ್ಕೆ ಸರಿಸಿ ಕೂಡಿಸಿದರೆ, ಯಂತ್ರ ಯಾವುದೆಂದು ವಿಚಾರಿಸುವ ಅಗತ್ಯವೇ ಬೀಳದೆ ಎರಡೂ ಕಡೆ ಒಂದೇ ಉತ್ತರ ಸಿಗುತ್ತದೆ.

ಆದರೆ ಯಾವುದಾದರೂ ಟೆಸ್ಟಿನಲ್ಲಿ 1ರ ಬದಲು 0 ಬಂದರೆ ಬೈಟ್‌ಗಳನ್ನು ತಿರುಗಿಸಲು ಹೋಗಬೇಡಿ. 64 ಬಿಟ್ ವೇರಿಯಬಲ್ಲನ್ನು 32 ಬಿಟ್ ಸಂಖ್ಯೆಯತ್ತ ತೋರುವ ಪಾಯಿಂಟರಿನ ಮೂಲಕ ಓದಿದಾಗ ಹಾಗಾಗುತ್ತದೆ: ಬಿಗ್ ಎಂಡಿಯನ್ ಯಂತ್ರದಲ್ಲಿ ಮೊದಲು ಸಿಗುವುದು ಹೆಚ್ಚು ಬೆಲೆಯ ಅರ್ಧ, ಸಣ್ಣ ಸಂಖ್ಯೆಯಲ್ಲಿ ಅದು ಸೊನ್ನೆ. ಲ್ಯಾಪ್‌ಟಾಪಿನಲ್ಲಿ ಸಣ್ಣ ಸಂಖ್ಯೆಗಳು ಅದೃಷ್ಟವಶಾತ್ ಸರಿಯಾಗಿ ಬರುವುದರಿಂದ ಈ ದೋಷ ವರ್ಷಗಟ್ಟಲೆ ಅಡಗಿರಬಲ್ಲದು, ಮತ್ತು ನನ್ನ ಮಟ್ಟಿಗೆ ಮೊದಲಿನದಕ್ಕಿಂತ ಇದೇ ಹೆಚ್ಚು ಕಾಡುವಂಥದ್ದು.

ಪರೀಕ್ಷಿಸಲು ಎಸ್390ಎಕ್ಸ್ ಯಂತ್ರವೇ ಎದುರಿಗಿರಬೇಕೆಂದಿಲ್ಲ. ಪ್ರೋಗ್ರಾಮನ್ನು ಅದಕ್ಕಾಗಿ ಕಂಪೈಲ್ ಮಾಡಿ, ನಿಮ್ಮ ಲ್ಯಾಪ್‌ಟಾಪಿನಲ್ಲೇ ಕ್ಯೂಎಮು ಎಂಬ ಉಚಿತ ಎಮ್ಯುಲೇಟರಿನಡಿ (ಬೇರೆ ಯಂತ್ರವನ್ನು ಅನುಕರಿಸುವ ತಂತ್ರಾಂಶದಡಿ) ಓಡಿಸಬಹುದು. ವೇಗ ಕಡಿಮೆ, ಆದರೆ ಟೆಸ್ಟ್‌ಗಳಿಗೆ ಅಷ್ಟು ಸಾಕು.