ಕೊನೆಗೌಡ ಮರ ಇಳಿಯುವುದಿಲ್ಲ, ಮಾಸ್ತರೇ

ಓದುಗರ ಪತ್ರ:
‘ಜನರಿಗೆ ಬೇಡವಾದ ದೂರದೇಶದ ಯುದ್ಧವನ್ನು ನಿಲ್ಲಿಸಲು ಶಾಂತಿ ಬೇಕೆನ್ನುವ ಅಭ್ಯರ್ಥಿಯೇ ಗೆಲ್ಲಬೇಕು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನನಗೆ ಒಪ್ಪಿಗೆಯಿಲ್ಲ. ಕೊರಿಯಾ ಯುದ್ಧ ನಿಲ್ಲಿಸಿದ ಅಮೆರಿಕದ ಐಸೆನ್‌ಹೋವರ್, ಅಲ್ಜೀರಿಯಾ ಬಿಟ್ಟುಕೊಟ್ಟ ಫ್ರಾನ್ಸಿನ ಡಿ ಗಾಲ್, ವಿಯೆಟ್ನಾಂನಿಂದ ಸೈನ್ಯ ಕರೆಸಿಕೊಂಡ ನಿಕ್ಸನ್ ಮೂವರೂ ಗಟ್ಟಿಗರು. ಮರ ಹತ್ತಿದವನಿಗೇ ಇಳಿಯುವ ದಾರಿ ಗೊತ್ತು. ಪುಕ್ಕಲರ ಮಾತನ್ನು ಸೇನೆಯೂ ಕೇಳುವುದಿಲ್ಲ, ಶತ್ರುವೂ ಕೇಳುವುದಿಲ್ಲ. ಅಷ್ಟಕ್ಕೂ ಶಿರಸಿಯಲ್ಲಿ ಕುಳಿತ ನಿಮಗೆ ಪರದೇಶದ ಮತಪೆಟ್ಟಿಗೆಯ ಉಸಾಬರಿ ಏಕೆ?’
– ನಿವೃತ್ತ ಶಿಕ್ಷಕರು, ಹೊನ್ನಾವರ ತಾಲೂಕು

ಮಾಸ್ತರೇ,

ನಿಮ್ಮ ಅಕ್ಷರ ನೋಡಿ ಹೊಟ್ಟೆಕಿಚ್ಚಾಯಿತು. ಕರಿಹಲಗೆಯ ಮೇಲೆ ಪಳಗಿದ ಕೈ. ಎರಡು ಪುಟದಲ್ಲಿ ಒಂದು ಕಾಗುಣಿತ ತಪ್ಪಿಲ್ಲ. ನಮ್ಮ ಕಚೇರಿಗೆ ಈಗ ಅರ್ಧಕ್ಕರ್ಧ ಪತ್ರಗಳು ಮೊಬೈಲಿನಲ್ಲೇ ಬರುತ್ತವೆ, ಅವುಗಳಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳು ಜಾಗ ಬದಲಿಸಿಕೊಂಡು ಕುಳಿತಿರುತ್ತವೆ. ನಿಮ್ಮ ಪತ್ರವನ್ನು ಸಂತೋಷದಿಂದ ಓದಿದೆ, ಕವಳ ಹಾಕಿಕೊಂಡು ಇನ್ನೊಮ್ಮೆ ಓದಿದೆ, ಆಮೇಲೆ ಜಗಳಕ್ಕೆ ಕೂತೆ.

ನಿಮಗೆ ಸಲ್ಲಬೇಕಾದದ್ದನ್ನು ಮೊದಲೇ ಸಲ್ಲಿಸಿಬಿಡುತ್ತೇನೆ. ಐಸೆನ್‌ಹೋವರ್ 1952ರ ಚುನಾವಣೆಯಲ್ಲಿ ‘ನಾನು ಕೊರಿಯಾಕ್ಕೆ ಹೋಗುತ್ತೇನೆ’ ಎಂದರು, ಗೆದ್ದ ಮರುತಿಂಗಳೇ ಹೋದರು, 1953ರ ಜುಲೈ 27ರಂದು ಕದನವಿರಾಮವಾಯಿತು. ನಡುವೆ ಮಾರ್ಚ್‌ನಲ್ಲಿ, ಎದುರು ಪಕ್ಷದ ಬೆನ್ನಿಗಿದ್ದ ಸ್ಟಾಲಿನ್ ತೀರಿಕೊಂಡ ಸಂಗತಿಯನ್ನು ನೀವು ಜಾಣತನದಿಂದ ಬಿಟ್ಟಿದ್ದೀರಿ. ಇರಲಿ, ಪಾಸು. ಡಿ ಗಾಲ್ ಅವರನ್ನೂ ಪಾಸು ಮಾಡೋಣ, ಕೃಪಾಂಕ ಕೊಟ್ಟು. ಅವರು ಅಧಿಕಾರಕ್ಕೆ ಮರಳಿದ್ದು 1958ರಲ್ಲಿ, ಅಲ್ಜೀರಿಯಾ ಬಿಟ್ಟದ್ದು 1962ರಲ್ಲಿ. ಒಂದೇ ಲೆಕ್ಕವನ್ನು ನಾಲ್ಕು ವರ್ಷ ಬಿಡಿಸಿದ ಹುಡುಗನಿಗೆ ನಿಮ್ಮ ತರಗತಿಯಲ್ಲಿ ಎಷ್ಟು ಅಂಕ ಬೀಳುತ್ತಿತ್ತು?

ನಿಕ್ಸನ್ ಮಾತ್ರ ಪಾಸಾಗುವುದಿಲ್ಲ. ಇಲ್ಲಿ ನಿಮ್ಮ ಮರದ ಉಪಮೆಯನ್ನೇ ಹಿಡಿದುಕೊಳ್ಳುತ್ತೇನೆ. ನೀವು ಕರಾವಳಿಯವರು, ತೆಂಗಿನ ಮರ ನೋಡಿ ಬರೆದಿರಬೇಕು. ತೆಂಗು ಹತ್ತಿದವನು ಇಳಿಯಲೇಬೇಕು. ಘಟ್ಟದ ಮೇಲಿನ ನಮ್ಮ ಅಡಿಕೆ ತೋಟಕ್ಕೆ ಕೊಯ್ಲಿನ ಕಾಲದಲ್ಲಿ ಬನ್ನಿ. ಅಡಿಕೆ ಕೊಯ್ಯುವ ಕೊನೆಗೌಡ ಒಂದು ಮರ ಹತ್ತುತ್ತಾನೆ, ಕೊನೆ, ಅಂದರೆ ಅಡಿಕೆಯ ಗೊಂಚಲು, ಕೊಯ್ಯುತ್ತಾನೆ, ಆ ಮರವನ್ನೇ ತೂಗಿ ಪಕ್ಕದ ಮರವನ್ನು ಹಿಡಿಯುತ್ತಾನೆ, ಅಲ್ಲಿಂದ ಇನ್ನೊಂದಕ್ಕೆ ಜೀಕುತ್ತಾನೆ. ಹಗ್ಗದಲ್ಲಿ ಸರ್ರನೆ ಕೆಳಗೆ ಬರುವುದು ಕೊನೆಗಳು ಮಾತ್ರ. ಆತ ಮೇಲೆಯೇ ಇರುತ್ತಾನೆ.

ನಿಕ್ಸನ್ ಮಾಡಿದ್ದು ಇದನ್ನೇ. 1969ರ ಜನವರಿಯಲ್ಲಿ ಅವರು ಅಧ್ಯಕ್ಷರಾದಾಗ ವಿಯೆಟ್ನಾಂನಲ್ಲಿ 5 ಲಕ್ಷಕ್ಕೂ ಹೆಚ್ಚು ಅಮೆರಿಕನ್ ಸೈನಿಕರಿದ್ದರು. ಕಂತು ಕಂತಾಗಿ ಅವರನ್ನು ಊರಿಗೆ ಇಳಿಸಿದರು, ಜನ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಗೌಡರು 1970ರಲ್ಲಿ ಕಾಂಬೋಡಿಯಾದ ಮರಕ್ಕೆ ಜೀಕಿದ್ದರು. ಮರುವರ್ಷ ಲಾವೋಸಿನ ಸರದಿ. 1972ರ ಕ್ರಿಸ್‌ಮಸ್ ಹೊತ್ತಿಗೆ ಹನೋಯ್ ಮೇಲೆ ಬಾಂಬಿನ ಮಳೆ. ಪ್ಯಾರಿಸ್ ಒಪ್ಪಂದಕ್ಕೆ ಸಹಿ ಬಿದ್ದದ್ದು 1973ರ ಜನವರಿ 27ರಂದು. ಆ ನಾಲ್ಕು ವರ್ಷಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಅಮೆರಿಕನ್ನರೇ ಸತ್ತರು. ವಿಯೆಟ್ನಾಂನವರದನ್ನು ಎಣಿಸುವ ತಾಪತ್ರಯವನ್ನು ಯಾರೂ ಸರಿಯಾಗಿ ತೆಗೆದುಕೊಳ್ಳಲಿಲ್ಲ. ಇದು ನಿಮ್ಮ ಗಟ್ಟಿಗ. 1968ರ ಚುನಾವಣೆಗೆ ಮುಂಚೆ, ‘ಈಗಲೇ ಮಾತುಕತೆಗೆ ಒಪ್ಪಬೇಡಿ, ಸ್ವಲ್ಪ ತಡೆಯಿರಿ’ ಎಂದು ಸೈಗಾನಿನ ದಕ್ಷಿಣ ವಿಯೆಟ್ನಾಂ ಸರ್ಕಾರದ ಕಿವಿಗೆ ನಿಕ್ಸನ್ ಕಡೆಯವರು ಊದಿದ್ದ ಕಥೆಯನ್ನು ಇಲ್ಲಿ ಎಳೆಯುವುದಿಲ್ಲ. ಎಳೆದರೆ ನನ್ನ ರಕ್ತದೊತ್ತಡ ಏರುತ್ತದೆ.

ಈಗ ನನ್ನವರನ್ನು ಪರಿಚಯಿಸುತ್ತೇನೆ. ಪಿಯರ್ ಮೆಂಡೆಸ್ ಫ್ರಾನ್ಸ್ ಎಂಬ ಹೆಸರನ್ನು ನೀವು ಮಕ್ಕಳಿಗೆ ಪಾಠ ಮಾಡಿದ್ದೀರಾ? ಮಾಡಿರಲಾರಿರಿ, ಪಠ್ಯಪುಸ್ತಕದಲ್ಲಿ ಇದ್ದರಲ್ಲವೇ! ಫ್ರಾನ್ಸ್ ಇಂಡೋಚೈನಾದಲ್ಲಿ, ಅಂದರೆ ವಿಯೆಟ್ನಾಂ ಮತ್ತು ನೆರೆಯ ನಾಡುಗಳಲ್ಲಿ, ನಡೆಸುತ್ತಿದ್ದ ಯುದ್ಧ ಗೆಲ್ಲುವಂಥದ್ದಲ್ಲ, ಮಾತಾಡಿ ಮುಗಿಸಿ ಎಂದು ಈ ಮನುಷ್ಯ ಸಂಸತ್ತಿನಲ್ಲಿ ವರ್ಷಗಟ್ಟಲೆ ಹೇಳಿದರು. ಯಾರೂ ಕೇಳಲಿಲ್ಲ. 1954ರ ಮೇ 7ರಂದು ಅಲ್ಲಿಯ ಫ್ರೆಂಚರ ದಿಯೆನ್ ಬಿಯೆನ್ ಫು ಕೋಟೆ ಬಿತ್ತು. ಆಗ ಇವರ ನೆನಪಾಯಿತು. ಜೂನ್‌ನಲ್ಲಿ ಪ್ರಧಾನಿಯಾಗಲು ನಿಂತವರು ಸದನದ ಮುಂದೆ ಒಂದು ತಾರೀಖು ಇಟ್ಟರು: ಜುಲೈ 20ರೊಳಗೆ ಕದನವಿರಾಮ ಆಗದಿದ್ದರೆ ರಾಜೀನಾಮೆ. ಒಂದು ತಿಂಗಳು! ನಮ್ಮಲ್ಲಿ ತಾಲೂಕು ಕಚೇರಿಯಿಂದ ಪಹಣಿ ತಿದ್ದುಪಡಿಗೂ ಇಷ್ಟು ಧೈರ್ಯವಾಗಿ ಯಾರೂ ಗಡುವು ಹೇಳುವುದಿಲ್ಲ. ಜಿನೀವಾದಲ್ಲಿ ಸಹಿ ಬೀಳುವಾಗ ನಡುರಾತ್ರಿ ದಾಟಿತ್ತು, ಪ್ರಧಾನಿಯ ಮಾತು ಉಳಿಯಲೆಂದು ಗೋಡೆ ಗಡಿಯಾರವನ್ನೇ ನಿಲ್ಲಿಸಿದ್ದರು ಎಂಬ ಕಥೆಯಿದೆ. ನೆಹರೂ ಅವರ ದೂತ, ನಮ್ಮ ಕೃಷ್ಣ ಮೆನನ್ ಆ ದಿನಗಳಲ್ಲಿ ಜಿನೀವಾದ ಪಡಸಾಲೆಗಳಲ್ಲಿ ಓಡಾಡುತ್ತಿದ್ದರು, ಕರೆಯದಿದ್ದರೂ ಹೋಗಿದ್ದರು. ಒಪ್ಪಂದದ ಮೇಲ್ವಿಚಾರಣಾ ಆಯೋಗಕ್ಕೆ ಭಾರತವೇ ಅಧ್ಯಕ್ಷ ದೇಶವಾಯಿತು.

ಮೆಂಡೆಸ್ ಫ್ರಾನ್ಸ್ ಸದನದಲ್ಲಿ ಭಾಷಣದ ನಡುವೆ ಹಾಲು ಕುಡಿಯುತ್ತಿದ್ದರು. ದ್ರಾಕ್ಷಾರಸದ ದೇಶದಲ್ಲಿ ಹಾಲು! ಜನ ನಕ್ಕರು. ಎಂಟು ತಿಂಗಳೊಳಗೆ ಅವರನ್ನು ಕುರ್ಚಿಯಿಂದ ಕೆಳಗಿಳಿಸಿದರು. ಯುದ್ಧವನ್ನು ನಿಲ್ಲಿಸಿದವರಿಗೆ ಸಿಗುವ ಬಹುಮಾನ ಇದು. ಅಲ್ಜೀರಿಯಾದ ವಿಷಯದಲ್ಲಿ ಇವರೂ ಎಡವಿದರು ಎಂದು ನೀವು ಮರುಪತ್ರ ಬರೆಯುವ ಮೊದಲೇ ಒಪ್ಪಿಕೊಂಡೆ.

ನನ್ನ ಪಂಥ ಇಷ್ಟೇ, ಮಾಸ್ತರೇ. ಇಂದು ಯಾರು ಶಾಂತಿ ಎನ್ನುತ್ತಾರೆ ಎಂದು ಕೇಳಬೇಡಿ. ಚುನಾವಣೆ ಬಂದರೆ ಎಲ್ಲರೂ ಎನ್ನುತ್ತಾರೆ. ಅಮೆರಿಕದ ಅಧ್ಯಕ್ಷ ಜಾನ್ಸನ್ 1964ರ ಪ್ರಚಾರದಲ್ಲಿ, ಏಷ್ಯಾದ ಹುಡುಗರು ಮಾಡಬೇಕಾದ ಕೆಲಸಕ್ಕೆ ಅಮೆರಿಕದ ಹುಡುಗರನ್ನು ಕಳಿಸುವುದಿಲ್ಲ ಎಂದರು, 1965ರ ಮಾರ್ಚ್‌ನಲ್ಲಿ ವಿಯೆಟ್ನಾಂಗೆ ಕಳಿಸಿದರು. ಕಡತ ತೆಗೆಸಿ ನೋಡಬೇಕಾದದ್ದು ಮೊದಲ ದಿನದ ಹಾಜರಿ ಪುಸ್ತಕವನ್ನು. ಡೋಲು ಬಡಿಯುತ್ತಿದ್ದಾಗ ಯಾರು ಬೇಡವೆಂದರು? 1964ರ ಆಗಸ್ಟ್ 7ರಂದು ವಿಯೆಟ್ನಾಂನಲ್ಲಿ ಬಲ ಬಳಸಲು ಅಧ್ಯಕ್ಷರಿಗೆ ಅಧಿಕಾರ ಕೊಡುವ ಟೊಂಕಿನ್ ಕೊಲ್ಲಿಯ ನಿರ್ಣಯ ಬಂದಾಗ ಅಮೆರಿಕ ಸಂಸತ್ತಿನ ಕೆಳಮನೆಯಲ್ಲಿ ಬೇಡವೆಂದವರು ಒಬ್ಬರೂ ಇಲ್ಲ. ಸೆನೆಟ್‌ನಲ್ಲಿ 88 ಮಂದಿ ಹೂಂ ಎಂದರು, ಇಬ್ಬರು ಊಹೂಂ ಎಂದರು. ವೇಯ್ನ್ ಮೋರ್ಸ್ ಮತ್ತು ಅರ್ನೆಸ್ಟ್ ಗ್ರೂನಿಂಗ್. 1968ರ ಹೊತ್ತಿಗೆ ಈ ಇಬ್ಬರು ಹೇಳಿದ್ದೇ ಸರಿ ಎಂದು ಬೀದಿ ಬೀದಿಯಲ್ಲಿ ಜನ ಕೂಗುತ್ತಿದ್ದರು. ಅದೇ ವರ್ಷದ ಚುನಾವಣೆಯಲ್ಲಿ ಇಬ್ಬರನ್ನೂ ಮನೆಗೆ ಕಳಿಸಿದರು! 2001ರ ಸೆಪ್ಟೆಂಬರ್‌ನಲ್ಲಿ ಅದೇ ಕೆಳಮನೆಯಲ್ಲಿ, ಬಲಪ್ರಯೋಗಕ್ಕೆ ಅಧಿಕಾರ ಕೊಡುವ ನಿರ್ಣಯ ಬೇಡವೆಂದು ಬಾರ್ಬರಾ ಲೀ ಒಬ್ಬರೇ ನಿಂತರು, 420ಕ್ಕೆ ಎದುರಾಗಿ ಒಂದು ಮತ. ಆ ನಿರ್ಣಯದಿಂದ ಹುಟ್ಟಿದ ಅಫ್ಘಾನಿಸ್ತಾನದ ಯುದ್ಧದಿಂದ ಅಮೆರಿಕದ ಕೊನೆಯ ವಿಮಾನ ಹೊರಟದ್ದು ಇಪ್ಪತ್ತು ವರ್ಷಗಳ ಮೇಲೆ, 2021ರ ಆಗಸ್ಟ್ 30ರಂದು. ಆ ಹೆಣ್ಣುಮಗಳನ್ನು ಅಧ್ಯಕ್ಷ ಪದವಿಗೆ ನಿಲ್ಲಿಸೋಣ ಎಂದು ಯಾವ ಪಕ್ಷಕ್ಕೂ ಹೊಳೆಯಲಿಲ್ಲ. ಒಬಾಮಾ ಹೆಸರನ್ನು ನೀವು ನನ್ನ ಮುಖಕ್ಕೆ ಹಿಡಿಯುತ್ತೀರಿ ಎಂದು ಗೊತ್ತು. ಇರಾಕ್ ಯುದ್ಧವನ್ನು 2002ರಲ್ಲೇ ವಿರೋಧಿಸಿದ್ದರು, 2011ರಲ್ಲಿ ಸೈನ್ಯ ಕರೆಸಿದರು, 2014ರಲ್ಲಿ ಮತ್ತೆ ಕಳಿಸಿದರು. ಸರಿ, ನನ್ನ ಗಂಟಿನಲ್ಲೂ ಒಂದು ಸವಕಲು ನಾಣ್ಯವಿದೆ.

ನಮ್ಮ ಕಡೆಯ ತಾಳಮದ್ದಳೆಯಲ್ಲೇ ನೋಡಿ. ಸಂಧಾನದ ಪ್ರಸಂಗವೆಂದರೆ ಕೌರವನ ಅರ್ಥ, ಅಂದರೆ ಮಾತು, ಯಾರದು ಎಂದು ಕೇಳಿಕೊಂಡು ಸಿದ್ದಾಪುರದಿಂದ, ಯಲ್ಲಾಪುರದಿಂದ ಜನ ಬರುತ್ತಾರೆ. ‘ವಿದುರ ಯಾರು ಮಾರಾಯರೇ?’ ಎಂದು ಕೇಳಿದವರನ್ನು ನಾನು ಈವರೆಗೆ ಕಂಡಿಲ್ಲ. ಯುದ್ಧ ಬೇಡವೆಂದು ಹೇಳಿ, ಬಿಲ್ಲು ಮುರಿದು ಎದ್ದು ಹೋಗುವ ಆ ಪಾತ್ರವನ್ನು ಹೊಸಬರಿಗೆ, ಅದೂ ಸಂಭಾವನೆ ಕೊಡದೆ, ಹೊಂದಿಸುತ್ತಾರೆ. ವಿದುರನ ಮಾತು ಶುರುವಾದರೆ ಚಾ ಕುಡಿಯಲು ಏಳುವವರಲ್ಲಿ ನೀವೂ ಇದ್ದೀರಿ ಎಂಬ ಅನುಮಾನ ನನ್ನದು. ದೂರದರ್ಶನದ ಈಗಿನ ಚರ್ಚೆಗಳಲ್ಲಿ ಚಾ ಕುಡಿಯುವಷ್ಟು ಹೊತ್ತೂ ವಿದುರನಿಗೆ ಕೊಡುವುದಿಲ್ಲ. ಮೀಸೆಯ ನಿವೃತ್ತ ಅಧಿಕಾರಿಗಳು ನಾಲ್ವರು, ಹಿಂದೆ ವಿಮಾನಗಳ ಚಿತ್ರ, ಕಿವುಡಾಗಿಸುವ ಸಂಗೀತ. ಹೆಂಡತಿಯ ಕೈಯಿಂದ ರಿಮೋಟ್ ಕಿತ್ತುಕೊಂಡು ನಂದಿಸುತ್ತೇನೆ, ಧಾರಾವಾಹಿ ತಪ್ಪಿತೆಂದು ಬೈಸಿಕೊಳ್ಳುತ್ತೇನೆ.

ಬೇಡವೆಂದವರನ್ನು ಸೋಲಿಸುವುದರಲ್ಲಿ ನಾವೇನು ಅಮೆರಿಕಕ್ಕೆ ಕಡಿಮೆಯೇ? 1989ರಲ್ಲಿ ಕೈಗಾದ ಅಣುಸ್ಥಾವರ ಬೇಡವೆಂದು ಶಿವರಾಮ ಕಾರಂತರು ನಮ್ಮ ಲೋಕಸಭಾ ಕ್ಷೇತ್ರಕ್ಕೇ ಬಂದು ನಿಂತರು. ಎಂಬತ್ತೇಳರ ಮುದುಕ, ಜ್ಞಾನಪೀಠ ಪಡೆದವರು. ಕಾರಂತಜ್ಜ ಎಂದು ಕೈಮುಗಿದೆವು, ಮತವನ್ನು ಬೇರೆಯವರಿಗೆ ಹಾಕಿದೆವು. ಅಣುಸ್ಥಾವರ ಸರಿಯೋ ತಪ್ಪೋ ಎಂಬ ಚರ್ಚೆ ಇನ್ನೊಂದು ದಿನ ಮಾಡೋಣ.

ಪರದೇಶದ ಉಸಾಬರಿ ಏಕೆ ಎಂದು ಕೇಳಿದ್ದೀರಿ. ನೀವು ಕಾರವಾರಕ್ಕೆ ಪಿಂಚಣಿ ಕೆಲಸಕ್ಕೆ ಹೋಗುತ್ತೀರಲ್ಲ, ಅದು ಜಿಲ್ಲಾ ಕೇಂದ್ರವಾದದ್ದರ ಹಿಂದೆ ಹತ್ತಿಯ ಕಥೆಯಿದೆ. ಧಾರವಾಡದ ಹತ್ತಿಗೆ ಕಾರವಾರದ ಬಂದರು ಬೇಕೆಂದು ಮ್ಯಾಂಚೆಸ್ಟರ್ ಗಿರಣಿಯವರು ದುಂಬಾಲು ಬಿದ್ದಿದ್ದರು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತಾಗ ಆ ಅವಸರ ಇನ್ನೂ ಹೆಚ್ಚಿತು. 1862ರಲ್ಲಿ ನಮ್ಮ ಜಿಲ್ಲೆಯನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿಗೆ ಕಟ್ಟಿದರು. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಬಿದ್ದುಹೋಯಿತು, ನಮ್ಮ ಬಂದರಿನ ಕನಸೂ ಮಂಕಾಯಿತು. ಅಲ್ಲಿ ಗುಂಡು ಹಾರಿದರೆ ಇಲ್ಲಿ ನಕ್ಷೆ ಬದಲಾಗುತ್ತದೆ. 1990ರಲ್ಲಿ ಕುವೈತ್‌ಗೆ ಇರಾಕಿನ ಸೈನ್ಯ ನುಗ್ಗಿದಾಗ ರೇಡಿಯೊ ಬಿಟ್ಟು ಏಳದ ಮನೆಗಳು ಭಟ್ಕಳದಲ್ಲಿ ಎಷ್ಟಿದ್ದವು ಎಂದು ನಿಮ್ಮ ಹಳೆಯ ವಿದ್ಯಾರ್ಥಿಗಳನ್ನು ಕೇಳಿ.

ಇಷ್ಟು ದೊಡ್ಡದಾಗಿ ಮಾತಾಡುವ ನನ್ನ ಹಾಜರಿ ಪುಸ್ತಕವನ್ನೂ ತೆರೆಯಬೇಕಲ್ಲ. 1987ರ ಜುಲೈ 29ರಂದು ಕೊಲಂಬೊದಲ್ಲಿ ರಾಜೀವ್ ಗಾಂಧಿ ಮತ್ತು ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿ ನಮ್ಮ ಶಾಂತಿಪಾಲನಾ ಪಡೆ ಶ್ರೀಲಂಕಾಕ್ಕೆ ಹೊರಟಿತು. ನಾನಾಗ ಒಂದು ವಾರಪತ್ರಿಕೆಯಲ್ಲಿ ಉಪಸಂಪಾದಕ, ಮೀಸೆ ಕಪ್ಪಗಿದ್ದ ಕಾಲ. ‘ವಿಜಯೀ ಭವ’ ಎಂದು ಎಂಟು ಕಾಲಮ್ಮಿನ ಶೀರ್ಷಿಕೆ ಕೊಟ್ಟವನು ನಾನೇ. ಮರುವಾರ ಅಂಕೋಲಾ ಕಡೆಯಿಂದ ಒಬ್ಬ ಮಹಿಳೆಯ ಅಂಚೆ ಕಾರ್ಡು ಬಂತು. ಒಂದೇ ಸಾಲು: ‘ಶಾಂತಿ ಮಾಡಲು ಹೋಗುವವರಿಗೆ ವಿಜಯ ಏಕೆ ಬೇಕು?’ ಓದುಗರ ವಿಭಾಗ ನನ್ನ ಕೈಯಲ್ಲೇ ಇತ್ತು. ಆ ಕಾರ್ಡನ್ನು ಮೊಳೆಗೆ ಚುಚ್ಚಿ ಮರೆತೆ.

ಪಡೆ ಅಲ್ಲಿ ಸುಮಾರು 1,200 ಜವಾನರನ್ನು ಕಳೆದುಕೊಂಡಿತು. ದಿಲ್ಲಿಯಲ್ಲಿ ಸರ್ಕಾರ ಬದಲಾಗಿ ವಿ.ಪಿ. ಸಿಂಗ್ ಬಂದ ಮೇಲೆ, 1990ರ ಮಾರ್ಚ್ 24ರಂದು ಕೊನೆಯ ತುಕಡಿ ಮರಳಿತು. ಮದ್ರಾಸಿನಲ್ಲಿ ಸ್ವಾಗತಕ್ಕೆ ಮುಖ್ಯಮಂತ್ರಿಯೇ ಬರಲಿಲ್ಲ. ಆ ಮಳೆಗಾಲದಲ್ಲಿ ಕುಮಟಾ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತ ಹುಡುಗ ಜಾಫ್ನಾದಿಂದ ಬಂದವನು. ಏನೇನೋ ಕೇಳಿದೆ. ದೇವಿಮನೆ ಘಟ್ಟ ಇಳಿಯುವವರೆಗೂ ಸುಮ್ಮನಿದ್ದು, ‘ಅಲ್ಲಿಯ ಮೀನು ನಮ್ಮದರ ಹಾಗೆಯೇ ಇರುತ್ತದೆ’ ಎಂದ.

ನಿಮ್ಮ ಪತ್ರ ಬಂದ ದಿನ ಹಳೆಯ ಟ್ರಂಕು ತೆಗೆದು ಆ ಕಾರ್ಡನ್ನು ಹುಡುಕಿದೆ. ಶೀರ್ಷಿಕೆಯಿದ್ದ ಸಂಚಿಕೆ ಗಟ್ಟಿಮುಟ್ಟಾಗಿದೆ. ಕಾರ್ಡು ಸಿಗಲಿಲ್ಲ. ಬರೆದವರ ಹೆಸರೂ ನೆನಪಾಗುತ್ತಿಲ್ಲ.

ನಿಮ್ಮ ವಾರ್ಷಿಕ ಚಂದಾ ತಲುಪಿದೆ. ಜೂನ್ ಸಂಚಿಕೆ ಬಂದಿಲ್ಲ ಎಂದು ಅಂಚಿನಲ್ಲಿ ಬರೆದಿದ್ದೀರಿ. ಇನ್ನೊಂದು ಪ್ರತಿ ಕಳಿಸಿದ್ದೇವೆ. ಜಗಳದ ಮರುಪತ್ರಕ್ಕೆ ಕಾಯುತ್ತಿದ್ದೇನೆ, ಮೊಳೆಗೆ ಚುಚ್ಚುವುದಿಲ್ಲ.

– ಸಂಪಾದಕ