ಅಡಿಕೆ ಬುಡದಲ್ಲಿ ಟ್ರಫಲ್ ಬಂದೀತೇ?

ಪ್ರಶ್ನೆ: ಅರ್ಧ ಎಕರೆ ಮುರಮಣ್ಣಿನ ಜಾಗ ಖಾಲಿ ಇದೆ. ಟ್ರಫಲ್ ಅಣಬೆಯ ಶಿಲೀಂಧ್ರ ಕೂಡಿಸಿದ ಓಕ್ ಸಸಿ ತರಿಸಿ ನೆಡಬಹುದೇ? ಅದನ್ನೇ ಅಡಿಕೆ ಬುಡಕ್ಕೆ ಹಾಕಿದರೆ ಆಗದೇ?
– ಓದುಗರು, ಕಾರ್ಕಳ

ಉತ್ತರ: ಎರಡೂ ಬೇಡ. ಫ್ರಾನ್ಸಿನ ಕಪ್ಪು ಟ್ರಫಲ್‌ಗೆ ಸುಣ್ಣದ ಮಣ್ಣು ಬೇಕು, ರಸಸಾರ (ಪಿಎಚ್) 7.5ರ ಮೇಲಿರಬೇಕು. ನಮ್ಮದು ಹುಳಿಮಣ್ಣು. ಸುಣ್ಣ ಸುರಿದು ಏರಿಸಿದರೂ ಆಟಿಯ ಮಳೆ ತೊಳೆದೊಯ್ಯುತ್ತದೆ. ಅಷ್ಟಾದರೂ ಅಲ್ಲಿನ ಚಳಿಯನ್ನು ಕಾರ್ಕಳಕ್ಕೆ ತರುವುದು ಹೇಗೆ?

ಅಡಿಕೆ, ತೆಂಗು, ಹಲಸಿನ ಬೇರಿಗೆ ಕೂಡುವ ಶಿಲೀಂಧ್ರವೇ ಬೇರೆ. ಅದು ಬೇರಿನ ಕೋಶದೊಳಗೆ ಹೊಕ್ಕು ಬಾಳುತ್ತದೆ, ಅಣಬೆ ಬಿಡುವುದಿಲ್ಲ. ಅಂಗಡಿಯಲ್ಲಿ ಸಿಗುವ ಮೈಕೊರೈಜಾ (ಬೇರಿಗೆ ಕೂಡುವ ಶಿಲೀಂಧ್ರ) ಪುಡಿ ಸಾಮಾನ್ಯವಾಗಿ ಈ ಬಗೆಯದು. ಟ್ರಫಲ್ ಬಗೆಯದು ಬೇರಿನ ತುದಿಗೆ ಗವಸು ತೊಡಿಸಿದಂತೆ ಹೊರಗಿನಿಂದ ಸುತ್ತಿಕೊಳ್ಳುತ್ತದೆ.

ಅಂಥ ಜೋಡಿ ನಮ್ಮಲ್ಲೇ ಇದೆ: ಕಿರಾಲ್‌ಬೋಗಿ ಮರ ಮತ್ತು ಮೊದಲ ಮಳೆಗೆ ಪೇಟೆಗೆ ಬರುವ ಕಲ್ಲಣಬೆ, ತುಳುವಿನ ಕಲ್ಲಲಾಂಬು. ಕಿರಾಲ್‌ಬೋಗಿಯ ಬೀಜ ಉದುರಿದ ವಾರದೊಳಗೆ ಬಿತ್ತಿ, ಒಣಗಿಸಿಟ್ಟರೆ ಮೊಳೆಯದು. ಸಸಿಯ ತೊಟ್ಟೆಗೆ (ಪ್ಲಾಸ್ಟಿಕ್ ಚೀಲಕ್ಕೆ) ಮೂರು ಪಾಲು ಮುರಮಣ್ಣು, ಒಂದು ಪಾಲು ಹೊಯಿಗೆ (ಮರಳು) ಸಾಕು. ಸೂಪರ್ ಫಾಸ್ಫೇಟ್ ಹಾಕಲೇಬೇಡಿ. ರಂಜಕ ಧಾರಾಳವಾಗಿ ಸಿಕ್ಕಿದ ಗಿಡ ಶಿಲೀಂಧ್ರವನ್ನು ಸಾಕುವುದಿಲ್ಲ.

ಒಳಗೆ ಬೆಳ್ಳಗಿರುವ ಕಲ್ಲಣಬೆ ಸುಕ್ಕಕ್ಕೆ ಸರಿ, ಬಿತ್ತನೆಗಲ್ಲ. ಬಿತ್ತನೆಗೆ ಬೇಕಾದ್ದು ಹೊರಸಿಪ್ಪೆ ನಕ್ಷತ್ರದಂತೆ ಬಿರಿದು, ನಡುವಿನ ಚೀಲದಲ್ಲಿ ಕಂದು ಪುಡಿ ತುಂಬಿರುವಂಥದು. ಅಂಥ ನೂರು ಗ್ರಾಂ ಅಣಬೆಯನ್ನು ಹತ್ತು ಲೀಟರ್ ಬಾವಿನೀರಲ್ಲಿ ಅರೆದು ಕಲಕಿ. ನಳ್ಳಿ ನೀರಿನ ಕ್ಲೋರಿನ್ ಬೇಡ. ನಾಲ್ಕು ಎಲೆ ಬಂದ ಸಸಿಯ ಬುಡಕ್ಕೆ 50 ಮಿಲಿಲೀಟರಿನಂತೆ, ಮೂರು ವಾರಕ್ಕೊಮ್ಮೆ ಮೂರು ಸಲ ಎರೆಯಿರಿ. ಪುಡಿ ತಳಕ್ಕೆ ಕೂರುತ್ತದೆ, ಪ್ರತಿ ಗಿಡಕ್ಕೂ ಕಲಕಿಯೇ ಹಾಕಬೇಕು. ಸ್ವಂತ ಜಾಗದಲ್ಲಿ ಅಣಬೆ ಏಳುವ ಹಳೆಯ ಮರವಿದ್ದರೆ ಅದರ ಬುಡದ ಮಣ್ಣನ್ನು ಎಳೆಬೇರು ಸಮೇತ ಒಂದು ಹಿಡಿ ತೊಟ್ಟೆಗೆ ಬೆರೆಸುವುದು ಇನ್ನೂ ಸುಲಭ.

ಆರು ತಿಂಗಳಿಗೆ ಒಂದು ತೊಟ್ಟೆ ಹರಿದು, ಬೇರು ತೊಳೆದು, ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನೋಡಿ. ತುದಿಗಳು ಮೋಟಾಗಿ ಉಬ್ಬಿ, ಮೇಲೆ ತಿಳಿಬಣ್ಣದ ಹೊದಿಕೆ ಇದ್ದರೆ ಶಿಲೀಂಧ್ರ ಕೂಡಿದೆ. ತುದಿ ಸಪೂರವಾಗಿ, ಬೇರುಗೂದಲಿನಿಂದ ತುಂಬಿದ್ದರೆ ಕೂಡಿಲ್ಲ, ಮತ್ತೆ ಎರೆಯಬೇಕು.

ಬೇರಿಗೆ ಕೂಡಿದ ಮಾತ್ರಕ್ಕೆ ಅಣಬೆ ಖಾತ್ರಿಯಲ್ಲ. ಟ್ರಫಲ್ ತೋಟದವರೇ ಐದಾರು ವರ್ಷ ಕಾಯುತ್ತಾರೆ. ನೆಟ್ಟ ಮೇಲೆ ಬುಡ ಅಗೆಯಬೇಡಿ. ಕೊಳೆರೋಗಕ್ಕೆ ಅಡಿಕೆಗೆ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಬಿಡುವಾಗ ಕಿರಾಲ್‌ಬೋಗಿಯ ಸಾಲು ತಪ್ಪಿಸಿ. ಮೈಲುತುತ್ತು ಶಿಲೀಂಧ್ರವನ್ನು ಕೊಲ್ಲಲೆಂದೇ ಇರುವುದು.